ವ್ರತಕ್ಕೆ ಸಾಕ್ಷಿ ಯಾರು?
(ಆಸ್ತಿಕ-ನಾಸ್ತಿಕರ ಪರಸ್ಪರ ಗೌರವವನ್ನು ಕುರಿತು ಒಂದು ಧರ್ಮಚಿಂತನೆ)

ಶ್ರೀ ವೀತರಾಗಾಯ ನಮಃ



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ನಮ್ಮ ಬಸದಿಗಳಲ್ಲಿ ಎಷ್ಟೋ ಜನ ವ್ರತಗಳನ್ನು ಸ್ವೀಕರಿಸುತ್ತಾರೆ. ಒಬ್ಬರು ಹತ್ತು ದಿನವೂ ಏಕಾಶನ ಮಾಡುತ್ತಾರೆ. ಮತ್ತೊಬ್ಬರು ಅನಂತ ಚತುರ್ದಶಿಯಂದು ನಿರಾಹಾರವಾಗಿರುತ್ತಾರೆ. ಇನ್ನೊಬ್ಬರು ರಾತ್ರಿಭೋಜನವನ್ನು ಜನ್ಮಪರ್ಯಂತ ತ್ಯಜಿಸುತ್ತಾರೆ. ಜಿನಬಿಂಬದ ಮುಂದೆ, ಗುರುಗಳ ಸನ್ನಿಧಿಯಲ್ಲಿ, ಕಡೆಗೆ ತನ್ನ ಆತ್ಮದ ಸಾಕ್ಷಿಯಾಗಿ ವ್ರತವನ್ನು ಸ್ವೀಕರಿಸುವುದು ನಮ್ಮ ಪದ್ಧತಿ. ಈ ಮೂರು ಸಾಕ್ಷಿಗಳನ್ನು ನಾವು ಪ್ರತಿವರ್ಷವೂ ನೆನೆಯುತ್ತೇವೆ. ಆದರೆ ಅವುಗಳ ಅರ್ಥವನ್ನು ನಿಂತು ವಿಚಾರಿಸುವುದು ಅಪರೂಪ.

ಜಿನೇಂದ್ರನು ವೀತರಾಗನು. ಉಪವಾಸ ಮಾಡಿದವನಿಗೆ ಆತನು ಒಲಿಯುವುದಿಲ್ಲ. ವ್ರತಭಂಗ ಮಾಡಿದವನ ಮೇಲೆ ಮುನಿಯುವುದೂ ಇಲ್ಲ. ಆತನು ವರವನ್ನು ಕೊಡುವವನಲ್ಲ, ದಂಡವನ್ನು ವಿಧಿಸುವವನಲ್ಲ. ಗುರುಗಳು ವಿಹಾರ ಮಾಡುತ್ತಾ ಇನ್ನೊಂದೂರಿಗೆ ತೆರಳುತ್ತಾರೆ. ಆಗ ಉಳಿಯುವ ಸಾಕ್ಷಿ ಒಂದೇ. ನಡುರಾತ್ರಿಯಲ್ಲಿ ಬಾಯಾರಿಕೆಯಾದಾಗ, ಮನೆಯವರೆಲ್ಲ ಮಲಗಿರುವಾಗ, ನೀರಿನ ಹೂಜಿಯ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತೆಗೆಯುವವನು ಯಾವನೋ ಅವನೇ ಆ ಸಾಕ್ಷಿ. ಅದು ತಾನೇ.

ಈ ಮಾತನ್ನು ಇಲ್ಲಿ ಎತ್ತಿದುದಕ್ಕೆ ಒಂದು ಕಾರಣವುಂಟು. ಇಂದು ನಮ್ಮ ಅನೇಕ ಶ್ರಾವಕರ ಮನೆಗಳಲ್ಲಿ ಪರ್ವದ ದಿನಗಳು ಶಾಂತಿಯ ದಿನಗಳಾಗಿ ಉಳಿದಿಲ್ಲ. ಓದಿ ಬಂದ ಮಗನೋ ಮಗಳೋ, "ಅಪ್ಪಾ, ನನಗೆ ಇದರಲ್ಲಿ ನಂಬಿಕೆಯಿಲ್ಲ. ಆತ್ಮವೆಂಬುದನ್ನು ಯಾರು ಕಂಡಿದ್ದಾರೆ?" ಎಂದು ಕೇಳುವುದುಂಟು. ತಂದೆಗೆ ಕೋಪ ಬರುತ್ತದೆ. ತಾಯಿಗೆ ಕಣ್ಣೀರು ಬರುತ್ತದೆ. ಅಜ್ಜಿಯ ಉಪವಾಸವನ್ನು ಮೊಮ್ಮಗನು ಹಾಸ್ಯ ಮಾಡುತ್ತಾನೆ. ಮೊಮ್ಮಗನನ್ನು ನೆಂಟರಿಷ್ಟರು "ನಾಸ್ತಿಕ" ಎಂದು ಜರೆಯುತ್ತಾರೆ. ಉತ್ತಮಕ್ಷಮೆಯಿಂದ ಆರಂಭವಾಗುವ ಪರ್ವದಲ್ಲಿ ಒಂದೇ ಸೂರಿನ ಕೆಳಗೆ ಇಬ್ಬರು ಮಾತು ಬಿಡುತ್ತಾರೆ. ಇಂತಹ ಮನೆಗಳಿಗಾಗಿ ಈ ನಾಲ್ಕು ಮಾತು.

ನಾಸ್ತಿಕನೆಂದರೆ ಯಾರು?

ಈ ಶಬ್ದವನ್ನು ಬಳಸುವ ಮುನ್ನ ಜೈನನಾದವನು ಸ್ವಲ್ಪ ಯೋಚಿಸಬೇಕು. ಏಕೆಂದರೆ ಭಾರತದ ಚರಿತ್ರೆಯಲ್ಲಿ ಶತಮಾನಗಳ ಕಾಲ ಈ ಶಬ್ದವನ್ನು ಹೊತ್ತವರು ನಾವೇ. ವೇದವನ್ನು ನಿಂದಿಸುವವನೇ ನಾಸ್ತಿಕನೆಂದು ಮನುಸ್ಮೃತಿಯು ಹೇಳಿತು. ವೇದಪ್ರಾಮಾಣ್ಯವನ್ನು ಒಪ್ಪದ ಚಾರ್ವಾಕ, ಬೌದ್ಧ, ಜೈನ ಈ ಮೂರು ದರ್ಶನಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಾಸ್ತಿಕ ದರ್ಶನಗಳೆಂದು ಕರೆಯುವ ವಾಡಿಕೆ ಇಂದಿನ ಪಠ್ಯಪುಸ್ತಕಗಳಲ್ಲಿಯೂ ಉಂಟು. ಜಗತ್ತಿಗೆ ಒಬ್ಬ ಸೃಷ್ಟಿಕರ್ತನಿದ್ದಾನೆಂಬುದನ್ನು ನಾವು ಒಪ್ಪುವುದಿಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಮಹಾಪುರಾಣದಲ್ಲಿ ಸೃಷ್ಟಿಕರ್ತೃತ್ವವಾದವನ್ನು ಯುಕ್ತಿಯುಕ್ತವಾಗಿ ಖಂಡಿಸಿದ್ದಾರೆ. ದೇಹವಿಲ್ಲದವನು ಜಗತ್ತನ್ನು ಹೇಗೆ ನಿರ್ಮಿಸಿದನು, ಯಾವ ಸಾಮಗ್ರಿಯಿಂದ ನಿರ್ಮಿಸಿದನು, ಕೃತಾರ್ಥನಾದವನಿಗೆ ನಿರ್ಮಿಸುವ ಇಚ್ಛೆಯೇಕೆ ಎಂಬ ಅವರ ಪ್ರಶ್ನೆಗಳನ್ನು ಇಂದಿನ ನಿರೀಶ್ವರವಾದಿಯು ಓದಿದರೆ ತನ್ನ ಮಾತನ್ನೇ ಓದಿದಂತೆ ಭಾವಿಸಿಯಾನು.

ಹಾಗಾದರೆ ನಾವು ನಾಸ್ತಿಕರೇ? ಅಲ್ಲ. ಜೀವವುಂಟು, ಕರ್ಮಬಂಧವುಂಟು, ಪರಲೋಕವುಂಟು, ಮೋಕ್ಷವುಂಟು ಎಂದು ನಂಬುವುದೇ ನಮ್ಮ ಶಾಸ್ತ್ರಗಳಲ್ಲಿ ಆಸ್ತಿಕ್ಯ. ಈ ಅರ್ಥದಲ್ಲಿ ಜೈನನು ಪರಮ ಆಸ್ತಿಕನು. ಆದರೆ ಇಲ್ಲೊಂದು ಪಾಠವಿದೆ. ಆಸ್ತಿಕ-ನಾಸ್ತಿಕ ಎಂಬ ಗೆರೆಯನ್ನು ಎಳೆಯುವವರು ಬೇರೆ ಬೇರೆ ಕಡೆ ಎಳೆದಿದ್ದಾರೆ. ಒಬ್ಬರು ಎಳೆದ ಗೆರೆಯ ಆಚೆಗೆ ನಾವು ಬೀಳುತ್ತೇವೆ. ನಾವು ಎಳೆದ ಗೆರೆಯ ಆಚೆಗೆ ಮತ್ತೊಬ್ಬರು ಬೀಳುತ್ತಾರೆ. ಗೆರೆಯ ಆಚೆಗಿದ್ದು ನಿಂದೆಯನ್ನು ಅನುಭವಿಸಿದವನಿಗೆ ನಿಂದೆ ಎಷ್ಟು ನೋಯಿಸುತ್ತದೆಂಬುದು ತಿಳಿದಿರಬೇಕು.

ಇನ್ನೂ ಒಂದು ಸೂಕ್ಷ್ಮವಿದೆ. ಸಮ್ಯಗ್ದರ್ಶನದ ಗುರುತುಗಳು ನಾಲ್ಕು: ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯ. ಈ ಎಣಿಕೆಯಲ್ಲಿ ಆಸ್ತಿಕ್ಯವು ಕಡೆಯದು, ಪ್ರಶಮವು ಮೊದಲನೆಯದು. ಪ್ರಶಮವೆಂದರೆ ಕಷಾಯಗಳ ಶಾಂತಿ. ಆಸ್ತಿಕ್ಯವನ್ನು ಕಾಪಾಡುತ್ತೇನೆಂದು ಹೊರಟು ಕ್ರೋಧವಶನಾಗಿ ಕೂಗಾಡುವವನು ನಾಲ್ಕನೆಯ ಗುರುತನ್ನು ಉಳಿಸಿಕೊಳ್ಳಲು ಮೊದಲನೆಯದನ್ನೂ, ಅನುಕಂಪೆಯನ್ನೂ ಕಳೆದುಕೊಳ್ಳುತ್ತಾನೆ. ಅದು ಲಾಭದ ವ್ಯಾಪಾರವಲ್ಲ.

ಮಹಾಬಲನ ಸಭೆ

ಆದಿತೀರ್ಥಂಕರರ ಭವಾವಳಿಯನ್ನು ನೀವು ಬಲ್ಲಿರಿ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೇಳಿದ ಆ ಕಥೆಯನ್ನು ಪಂಪ ಮಹಾಕವಿಯು 941ರಲ್ಲಿ ಆದಿಪುರಾಣವಾಗಿ ಕನ್ನಡಕ್ಕೆ ತಂದನು. ವೃಷಭಸ್ವಾಮಿಯ ಜೀವವು ಒಂದು ಪೂರ್ವಭವದಲ್ಲಿ ಅಳಕಾಪುರದ ವಿದ್ಯಾಧರ ದೊರೆ ಮಹಾಬಲನಾಗಿತ್ತು. ಅವನಿಗೆ ನಾಲ್ವರು ಮಂತ್ರಿಗಳು: ಸ್ವಯಂಬುದ್ಧ, ಮಹಾಮತಿ, ಸಂಭಿನ್ನಮತಿ, ಶತಮತಿ. ಇವರಲ್ಲಿ ಸ್ವಯಂಬುದ್ಧನೊಬ್ಬನೇ ಜಿನಧರ್ಮದಲ್ಲಿ ಶ್ರದ್ಧೆಯುಳ್ಳವನು. ಮಹಾಮತಿಯು ಭೂತವಾದಿ, ಅಂದರೆ ನಾಲ್ಕು ಭೂತಗಳ ಕೂಟದಿಂದ ಚೈತನ್ಯವು ಹುಟ್ಟುತ್ತದೆ, ದೇಹದೊಡನೆ ಅಳಿಯುತ್ತದೆ ಎನ್ನುವವನು. ಉಳಿದಿಬ್ಬರೂ ಆತ್ಮತತ್ತ್ವವನ್ನು ಬೇರೆ ಬೇರೆ ರೀತಿಯಲ್ಲಿ ನಿರಾಕರಿಸುವವರು. ದೊರೆಯ ಹುಟ್ಟುಹಬ್ಬದ ಸಭೆಯಲ್ಲಿ ಸ್ವಯಂಬುದ್ಧನು ಧರ್ಮದ ಹಿರಿಮೆಯನ್ನು ಹೇಳಲಾಗಿ, ಉಳಿದ ಮೂವರೂ ಎದ್ದು ಅದನ್ನು ಖಂಡಿಸುತ್ತಾರೆ.

ಈ ಪ್ರಸಂಗದಲ್ಲಿ ಗಮನಿಸತಕ್ಕ ಸಂಗತಿಗಳು ಮೂರು. ಮೊದಲನೆಯದು, ಆತ್ಮವಿಲ್ಲವೆನ್ನುವವರು ಆ ರಾಜಸಭೆಯಲ್ಲಿ ಕಳ್ಳರಂತೆ ಅಡಗಿ ಕುಳಿತಿಲ್ಲ. ಮಂತ್ರಿಗಳಾಗಿ ಆಸನದಲ್ಲಿ ಕುಳಿತು ತಮ್ಮ ಮಾತನ್ನು ಸಂಪೂರ್ಣವಾಗಿ ಹೇಳುತ್ತಾರೆ. ಆಚಾರ್ಯರು ಅವರ ವಾದವನ್ನು ದುರ್ಬಲಗೊಳಿಸಿ ಬರೆಯದೆ, ಅದರ ಬಲವೆಷ್ಟೋ ಅಷ್ಟನ್ನೂ ಬರೆದರು. ಎರಡನೆಯದು, ಸ್ವಯಂಬುದ್ಧನು ಅವರಿಗೆ ಉತ್ತರವನ್ನು ಯುಕ್ತಿಯಿಂದಲೂ ದೃಷ್ಟಾಂತದಿಂದಲೂ ಕೊಡುತ್ತಾನೆ. ದೊರೆಯ ಅಧಿಕಾರದಿಂದ ಅವರ ಬಾಯಿ ಮುಚ್ಚಿಸುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪುರಾಣವು ಮಿಥ್ಯಾತ್ವದ ಫಲವನ್ನು ಮುಚ್ಚಿಡುವುದಿಲ್ಲ. ಆ ಮೂವರೂ ದುರ್ಗತಿಗೆ ಇಳಿದರೆಂದೇ ಹೇಳುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಮಹಾಬಲನ ಜೀವವು ಮುಂದೊಂದು ಭವದಲ್ಲಿ ಶ್ರೀಧರದೇವನಾದಾಗ ಅವನಿಗೆ ಹಳೆಯ ಮಂತ್ರಿಗಳ ನೆನಪಾಗುತ್ತದೆ. ಅವರೇನಾದರೆಂದು ಕೇವಲಿಗಳನ್ನು ಕೇಳುತ್ತಾನೆ. ಶತಮತಿಯು ಎರಡನೆಯ ನರಕದಲ್ಲಿರುವನೆಂದು ತಿಳಿದು, ಸ್ವರ್ಗಸುಖವನ್ನು ಬಿಟ್ಟು ಅಲ್ಲಿಗೆ ಇಳಿದು ಹೋಗಿ ಅವನಿಗೆ ತಿಳಿಯಹೇಳುತ್ತಾನೆ. ಶತಮತಿಯ ಜೀವಕ್ಕೆ ಅಲ್ಲಿಯೇ ಸಮ್ಯಕ್ತ್ವವು ಲಭಿಸುತ್ತದೆ.

"ನಾನು ಹೇಳಿದಾಗ ಕೇಳಲಿಲ್ಲ, ಈಗ ಅನುಭವಿಸಲಿ" ಎಂದು ಶ್ರೀಧರದೇವನು ಹೇಳಲಿಲ್ಲ. ತನ್ನ ಮಾತನ್ನು ಒಪ್ಪದವನನ್ನು ಜನ್ಮಾಂತರದಲ್ಲಿಯೂ ಮರೆಯದವನು ತೀರ್ಥಂಕರನಾಗುವ ಜೀವ. ನಂಬಿಕೆಯಿಲ್ಲದ ಮಗನೊಡನೆ ಮಾತು ಬಿಡುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು.

ಪ್ರಮಾಣವಚನಕ್ಕಾಗಿ ಆರು ವರ್ಷ

ಇನ್ನು ಪುರಾಣದಿಂದ ಇತ್ತೀಚಿನ ಚರಿತ್ರೆಗೆ ಬರೋಣ. ವ್ರತದ ಸಾಕ್ಷಿ ಯಾರೆಂಬ ಪ್ರಶ್ನೆ ಒಂದು ದೇಶದ ಪಾರ್ಲಿಮೆಂಟನ್ನೇ ಆರು ವರ್ಷ ಕಾಡಿದ ಸಂದರ್ಭವೊಂದುಂಟು. ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ ಎಂಬವರು ಬಹಿರಂಗವಾಗಿ ನಿರೀಶ್ವರವಾದಿಗಳು. 1880ರಲ್ಲಿ ನಾರ್ತ್‌ಹ್ಯಾಂಪ್ಟನ್ ಕ್ಷೇತ್ರದ ಜನರು ಅವರನ್ನು ಚುನಾಯಿಸಿ ಕಾಮನ್ಸ್ ಸಭೆಗೆ ಕಳುಹಿಸಿದರು. ಸದಸ್ಯನಾದವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ದೇವರನ್ನು ನಂಬದ ತಾನು ಹಾಗೆ ಹೇಳುವ ಬದಲು ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆಂದು ಬ್ರಾಡ್ಲಾ ಕೇಳಿಕೊಂಡರು. ಸಭೆ ಒಪ್ಪಲಿಲ್ಲ. ಹಾಗಾದರೆ ಕಾನೂನಿನಲ್ಲಿರುವಂತೆ ಪ್ರಮಾಣವನ್ನೇ ಮಾಡುತ್ತೇನೆಂದರು. ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲವೆಂದು ಸಭೆ ಅದಕ್ಕೂ ಅಡ್ಡಿಪಡಿಸಿತು. ಒಂದು ರಾತ್ರಿ ಅವರನ್ನು ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಬಂಧಿಸಿಡಲಾಯಿತು. ಅವರ ಸ್ಥಾನವು ತೆರವಾದಾಗಲೆಲ್ಲ ಕ್ಷೇತ್ರದ ಜನ ಅವರನ್ನೇ ಮತ್ತೆ ಮತ್ತೆ ಚುನಾಯಿಸಿದರು. ಅವರು ಸದಸ್ಯರಾಗಿ ನೆಮ್ಮದಿಯಿಂದ ಕುಳಿತುಕೊಂಡುದು 1886ರಲ್ಲಿ.

ಈ ವಿವಾದದಲ್ಲಿ ಆ ನಾಸ್ತಿಕನ ಪರವಾಗಿ ನಿಂತು ಮಾತನಾಡಿದವರಲ್ಲಿ ಮುಖ್ಯರು ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್. ಅವರು ದೃಢವಾದ ದೈವಭಕ್ತರು. ತಮ್ಮ ಚರ್ಚಿನ ಆಚಾರಗಳನ್ನು ಶ್ರದ್ಧೆಯಿಂದ ನಡೆಸುತ್ತಿದ್ದವರು. ಬ್ರಾಡ್ಲಾ ಅವರ ಮತವು ಅವರಿಗೆ ಸ್ವಲ್ಪವೂ ಸಮ್ಮತವಾಗಿರಲಿಲ್ಲ. ಆದರೂ 1883ರಲ್ಲಿ, ದೃಢೀಕರಣಕ್ಕೆ ಅವಕಾಶ ಕೊಡುವ ಮಸೂದೆಯ ಪರವಾಗಿ ಅವರು ದೀರ್ಘವಾದ ಭಾಷಣ ಮಾಡಿದರು. ಧರ್ಮವನ್ನು ಕಾಪಾಡುವ ನೆಪದಲ್ಲಿ ಒಬ್ಬನಿಗೆ ಅನ್ಯಾಯ ಮಾಡಿದರೆ ಧರ್ಮಕ್ಕೇ ಹಾನಿಯೆಂಬುದು ಅವರ ಮಾತಿನ ಸಾರ. ಮಸೂದೆಯು ಕೇವಲ ಮೂರು ಮತಗಳಿಂದ ಸೋತಿತು. ಆದರೆ 1888ರಲ್ಲಿ ಅದೇ ತತ್ತ್ವವು ಕಾನೂನಾಯಿತು. 1891ರ ಜನವರಿಯಲ್ಲಿ ಬ್ರಾಡ್ಲಾ ಮರಣಶಯ್ಯೆಯಲ್ಲಿದ್ದಾಗ, ಅವರ ವಿರುದ್ಧ 1880ರಲ್ಲಿ ಮಾಡಿದ್ದ ನಿರ್ಣಯವನ್ನು ಕಾಮನ್ಸ್ ಸಭೆಯು ತನ್ನ ದಾಖಲೆಯಿಂದ ತೆಗೆದುಹಾಕಿತು. ಅದನ್ನು ತಿಳಿಯುವ ಪ್ರಜ್ಞೆ ಅವರಿಗೆ ಆಗ ಉಳಿದಿರಲಿಲ್ಲ. ಗೌರವವನ್ನು ಕೊಡುವುದಾದರೆ ಅದನ್ನು ಸ್ವೀಕರಿಸುವವನಿಗೆ ಕಿವಿ ಕೇಳುತ್ತಿರುವಾಗಲೇ ಕೊಡಬೇಕು.

ನಮ್ಮ ಭಾರತದ ಸಂವಿಧಾನವು ಈ ವಿಷಯದಲ್ಲಿ ಆರಂಭದಲ್ಲಿಯೇ ಉದಾರವಾಗಿದೆ. ಅದರ ಮೂರನೆಯ ಅನುಸೂಚಿಯಲ್ಲಿರುವ ಪ್ರಮಾಣವಚನಗಳಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದಕ್ಕೂ ಸತ್ಯನಿಷ್ಠೆಯಿಂದ ದೃಢೀಕರಿಸುವುದಕ್ಕೂ ಸಮಾನವಾದ ಅವಕಾಶವುಂಟು. ಸೃಷ್ಟಿಕರ್ತನನ್ನು ಒಪ್ಪದ ಜೈನನೂ, ಯಾವ ದೇವರನ್ನೂ ಒಪ್ಪದ ನಾಸ್ತಿಕನೂ ಇಲ್ಲಿ ಮನಸ್ಸಿಗೆ ವಂಚನೆ ಮಾಡಿಕೊಳ್ಳದೆ ಮಾತು ಕೊಡಬಹುದು. ಮಾತು ಕೊಡುವವನ ಸತ್ಯನಿಷ್ಠೆಯೇ ಸಾಕ್ಷಿ ಎಂಬ ಈ ತತ್ತ್ವ ನಮಗೆ ಹೊಸದಲ್ಲ. ಅದು ನಮ್ಮ ಆತ್ಮಸಾಕ್ಷಿಯ ನೆರೆಯಲ್ಲಿಯೇ ಇದೆ.

ಗಾಂಧೀಜಿ ಮತ್ತು ಗೋರಾ

ಬ್ರಾಡ್ಲಾ ಅವರ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಒಬ್ಬ ಭಾರತೀಯ ತರುಣನಿದ್ದನು. ಅವನೇ ಮೋಹನದಾಸ ಗಾಂಧಿ. 1888ರಲ್ಲಿ ಅವನು ವಿದೇಶಕ್ಕೆ ಹೊರಟಾಗ ತಾಯಿಗೆ ನೆಮ್ಮದಿಯಾಗಲೆಂದು ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಕೊಟ್ಟವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಸಾಧುಗಳು. ಆ ವ್ರತದ ಬಲದಿಂದ ಲಂಡನ್ನಿನಲ್ಲಿ ಬಾಳುತ್ತಿದ್ದ ತರುಣನು ನಾಸ್ತಿಕನೊಬ್ಬನ ಅಂತ್ಯಕ್ರಿಯೆಗೆ ಹೋದನು. ಹಿಂದಿರುಗುವಾಗ ರೈಲು ನಿಲ್ದಾಣದಲ್ಲಿ ಅವನು ಕಂಡ ಒಂದು ನೋಟವನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಗುಂಪಿನಲ್ಲಿದ್ದ ಒಬ್ಬ ನಾಸ್ತಿಕನು ಅಲ್ಲಿದ್ದ ಒಬ್ಬ ಪಾದ್ರಿಯನ್ನು ಹಿಡಿದು, ನಿಮ್ಮ ದೇವರ ಗಾತ್ರವೆಷ್ಟು, ಅವನಿರುವುದೆಲ್ಲಿ ಎಂದು ಜನರೆದುರಿಗೆ ಕೆಣಕಿದನು. ಪಾದ್ರಿಯು ನಮ್ರನಾಗಿ ಮೌನವನ್ನು ತಾಳಿದನು. ಈ ಮಾತುಕತೆಯಿಂದ ನಾಸ್ತಿಕತೆಯ ಬಗ್ಗೆ ಗಾಂಧೀಜಿಗಿದ್ದ ಅರುಚಿ ಹೆಚ್ಚಿತು. ಗೌರವದ ಕರ್ತವ್ಯವು ಒಂದೇ ಕಡೆಯದಲ್ಲವೆಂಬುದಕ್ಕೆ ಇದೇ ನಿದರ್ಶನ. ಅಂದು ಮೃತರಾದ ಸತ್ಪುರುಷನ ಮತಕ್ಕೆ ಅಪಚಾರ ಮಾಡಿದವನು ಪಾದ್ರಿಯಲ್ಲ. ಆ ಮತದ ಅಭಿಮಾನಿಯೇ.

ಅದೇ 1891ರಲ್ಲಿ ಮುಂಬಯಿಗೆ ಹಿಂದಿರುಗಿದ ಗಾಂಧೀಜಿಗೆ ಜೈನ ತತ್ತ್ವಚಿಂತಕರಾದ ರಾಯಚಂದಭಾಯಿಯವರ ಪರಿಚಯವಾಯಿತು. ಒಂದೇ ವಸ್ತುವನ್ನು ಅನೇಕ ದೃಷ್ಟಿಗಳಿಂದ ನೋಡಬಹುದೆಂಬ ಅನೇಕಾಂತವು ಗಾಂಧೀಜಿಗೆ ಪ್ರಿಯವಾಯಿತು. ದೇವರೇ ಸತ್ಯವೆಂದು ಮೊದಲು ಹೇಳುತ್ತಿದ್ದ ಅವರು, ಸತ್ಯವೇ ದೇವರೆಂದು ಆ ಮಾತನ್ನು ತಿರುಗಿಸಿದರು. 1931ರಲ್ಲಿ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದಲ್ಲಿ ಅದಕ್ಕೆ ಕಾರಣವನ್ನು ವಿವರಿಸಿದರು. ದೇವರನ್ನು ಅಲ್ಲಗಳೆಯುವವರು ಕೂಡ ಸತ್ಯವನ್ನು ಅಲ್ಲಗಳೆಯುವುದಿಲ್ಲವೆಂಬುದು ಅದರ ತಾತ್ಪರ್ಯ.

ಈ ಮಾತಿಗೆ ಪರೀಕ್ಷೆ ಬಂದುದು ಆಂಧ್ರದ ಗೋರಾ ಅವರಿಂದ. ಗೋಪರಾಜು ರಾಮಚಂದ್ರರಾಯರು 1902ರಲ್ಲಿ ಹುಟ್ಟಿದವರು, ಸಸ್ಯಶಾಸ್ತ್ರದ ಅಧ್ಯಾಪಕರು. ನಿರೀಶ್ವರವಾದದ ನಿಮಿತ್ತವಾಗಿ ಕೆಲಸವನ್ನು ಕಳೆದುಕೊಂಡರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. ಅವರ ನಾಸ್ತಿಕತೆ ಕೇವಲ ಬಾಯಿಮಾತಾಗಿರಲಿಲ್ಲ. ಪತ್ನಿ ಸರಸ್ವತಿಯವರೊಡನೆ ಅಸ್ಪೃಶ್ಯತೆಯ ನಿವಾರಣೆಗಾಗಿ, ಸಹಪಂಕ್ತಿ ಭೋಜನಕ್ಕಾಗಿ, ಹಳ್ಳಿಯ ಬಡವರ ಶಿಕ್ಷಣಕ್ಕಾಗಿ ಅವರು ಬಾಳನ್ನು ಸವೆಸಿದರು. 1944ರಲ್ಲಿ ಅವರು ಸೇವಾಗ್ರಾಮಕ್ಕೆ ಬಂದು ಗಾಂಧೀಜಿಯನ್ನು ಕಂಡರು. ದಿನಕ್ಕೆರಡು ಬಾರಿ ಪ್ರಾರ್ಥನೆ ಮಾಡುವ ರಾಮನಾಮದ ಭಕ್ತರೊಬ್ಬರು; ದೇವರ ಭಾವನೆಯೇ ಮನುಷ್ಯನನ್ನು ಪರಾಧೀನನನ್ನಾಗಿ ಮಾಡಿದೆಯೆಂದು ನಂಬಿದವರೊಬ್ಬರು. ಇಬ್ಬರೂ ತಮ್ಮ ತಮ್ಮ ಮಾತನ್ನು ಮರೆಮಾಚದೆ ಆಡಿಕೊಂಡರು. ಕಡೆಗೆ ಗಾಂಧೀಜಿಯವರು ತಮ್ಮ ಆಸ್ತಿಕತೆಯೇ ಸರಿ, ಗೋರಾ ಅವರ ನಾಸ್ತಿಕತೆಯೇ ತಪ್ಪು ಎಂದು ತೀರ್ಪು ಕೊಡಲು ಒಪ್ಪಲಿಲ್ಲ. ತಾವಿಬ್ಬರೂ ಸತ್ಯವನ್ನು ಅರಸುವವರು, ತಪ್ಪು ಕಂಡಾಗ ತಿದ್ದಿಕೊಳ್ಳಲು ಸಿದ್ಧರಾಗಿರುವವರು ಎಂಬ ಭಾವವನ್ನು ತಿಳಿಸಿ, ಗೋರಾ ಅವರ ಕೆಲಸಕ್ಕೆ ಬೆಂಬಲ ಕೊಟ್ಟರು.

ಇದರ ಸಿದ್ಧಿ ಒಂದು ಮದುವೆಯಲ್ಲಿ ಕಾಣುತ್ತದೆ. ಗೋರಾ ದಂಪತಿಗಳು ತಮ್ಮ ಹಿರಿಯ ಮಗಳನ್ನು ಹರಿಜನರೆಂದು ಆಗ ಕರೆಯಲ್ಪಡುತ್ತಿದ್ದ ಸಮುದಾಯದ ತರುಣನಿಗೆ ಕೊಡಲು ನಿಶ್ಚಯಿಸಿದರು. ಮದುವೆಯನ್ನು ಸೇವಾಗ್ರಾಮದಲ್ಲಿಯೇ ನಡೆಸೋಣವೆಂದು ಗಾಂಧೀಜಿ ಒಪ್ಪಿದರು. ಆದರೆ ಆಶ್ರಮದ ವಿವಾಹವಿಧಿಯಲ್ಲಿ ದೇವರ ಹೆಸರು ಬರುತ್ತದೆ. ನಾಸ್ತಿಕರ ಮಗಳು ಅದನ್ನು ಹೇಗೆ ಉಚ್ಚರಿಸಬೇಕು? ದೇವರೆಂಬ ಮಾತಿನ ಸ್ಥಾನದಲ್ಲಿ ಸತ್ಯವೆಂಬ ಮಾತನ್ನಿಡಲು ಗಾಂಧೀಜಿ ಸಮ್ಮತಿಸಿದರು. 1948ರ ಜನವರಿ 30ರಂದು ಅವರು ಹುತಾತ್ಮರಾದರು. ಆದರೂ ಅದೇ ವರ್ಷ ಮಾರ್ಚ್ ತಿಂಗಳಿನಲ್ಲಿ ಸೇವಾಗ್ರಾಮದಲ್ಲಿ ಆ ಮದುವೆ ಸತ್ಯದ ಸಾಕ್ಷಿಯಾಗಿ ನಡೆಯಿತು. ಗೋರಾ ಅವರು ಈ ಒಡನಾಟವನ್ನು ಕುರಿತು ಬರೆದ ಪುಸ್ತಕವನ್ನು 1951ರಲ್ಲಿ ಪ್ರಕಟಿಸಿದುದು ಗಾಂಧೀಜಿಯವರೇ ಸ್ಥಾಪಿಸಿದ ನವಜೀವನ ಸಂಸ್ಥೆ. ಗೋರಾ ಅವರು 1975ರಲ್ಲಿ ನಿಧನರಾಗುವವರೆಗೂ ನಾಸ್ತಿಕರಾಗಿಯೇ ಉಳಿದರು. ಗಾಂಧೀಜಿ ಕೊನೆಯ ಉಸಿರಿನವರೆಗೂ ಭಕ್ತರಾಗಿಯೇ ಉಳಿದರು. ಒಬ್ಬರು ಇನ್ನೊಬ್ಬರನ್ನು ಗೆಲ್ಲಲಿಲ್ಲ. ಇಬ್ಬರೂ ಸೋಲಲೂ ಇಲ್ಲ.

ನಮ್ಮ ಕನ್ನಡನಾಡಿನಲ್ಲಿಯೂ ಇಂತಹ ಜೀವನವನ್ನು ಕಂಡಿದ್ದೇವೆ. ಡಾ. ಎಚ್. ನರಸಿಂಹಯ್ಯನವರು ವಿಚಾರವಾದಿಗಳು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ವೈಜ್ಞಾನಿಕ ಪರಿಶೀಲನೆಗೆ ಸಮಿತಿಯನ್ನು ರಚಿಸಿ ಅನೇಕ ಭಕ್ತರ ಅಸಮಾಧಾನಕ್ಕೆ ಗುರಿಯಾದವರು. ಆದರೆ ಖಾದಿಯುಟ್ಟು, ಅವಿವಾಹಿತರಾಗಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಬಾಳಿದ ಅವರ ಜೀವನದಲ್ಲಿ ಅಪರಿಗ್ರಹದ ಛಾಯೆಯನ್ನು ಕಾಣದವರು ಯಾರು? 2005ರಲ್ಲಿ ಅವರು ತೀರಿಕೊಂಡಾಗ ಅವರ ವಿಚಾರವನ್ನು ಒಪ್ಪದವರೂ ಆ ಸರಳತೆಗೆ ತಲೆಬಾಗಿದರು. ಗುಣಾಧಿಕರಲ್ಲಿ ಪ್ರಮೋದವಿರಬೇಕೆಂದು ತತ್ತ್ವಾರ್ಥಸೂತ್ರವು ವಿಧಿಸುತ್ತದೆ; ಆ ಗುಣಾಧಿಕನು ಯಾವ ಮತದವನಾಗಿರಬೇಕೆಂದು ಅಲ್ಲಿ ಹೇಳಿಲ್ಲ.

ಗೌರವವೆಂದರೆ ಒಪ್ಪಿಗೆಯಲ್ಲ

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅನೇಕಾಂತವೆಂದರೆ ಎಲ್ಲ ಮಾತೂ ಸಮಾನವಾಗಿ ನಿಜವೆಂದು ಕೆಲವರು ಹೇಳುತ್ತಾರೆ. ಅದು ಅನೇಕಾಂತವಲ್ಲ, ಆಲಸ್ಯ. ಸಮಂತಭದ್ರಾಚಾರ್ಯರೂ ಅಕಲಂಕದೇವರೂ ಪರಮತಗಳನ್ನು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿದವರು. ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಜಿನನ ಆಪ್ತತ್ವವನ್ನೂ ಪರೀಕ್ಷೆಗೆ ಒಡ್ಡಿದರು. ದೇವತೆಗಳ ಆಗಮನವಾಗಲಿ, ಚಾಮರವಾಗಲಿ, ಗಗನಗಮನವಾಗಲಿ ಆಪ್ತನ ಹಿರಿಮೆಗೆ ಸಾಕಾದ ಪ್ರಮಾಣವಲ್ಲವೆಂದು ಗ್ರಂಥದ ಆರಂಭದಲ್ಲಿಯೇ ತಿಳಿಸಿದರು. ಪವಾಡವನ್ನು ಪ್ರಮಾಣವೆಂದು ಒಪ್ಪದ ಆಚಾರ್ಯರ ಶಿಷ್ಯರಾದ ನಾವು ಪ್ರಶ್ನೆ ಕೇಳುವವನಿಗೆ ಹೆದರಬೇಕಾಗಿಲ್ಲ.

ಚಾರ್ವಾಕನು ಪ್ರತ್ಯಕ್ಷವನ್ನು ಹಿಡಿದನು. ಅದು ಅವನ ತಪ್ಪಲ್ಲ. ಪ್ರತ್ಯಕ್ಷವನ್ನು ಬಿಟ್ಟು ಬೇರೆ ಪ್ರಮಾಣವೇ ಇಲ್ಲವೆಂದನು. ಅಲ್ಲಿ ನಯವು ದುರ್ನಯವಾಯಿತು. ಹೀಗೆ ಅವನ ಮಾತಿನಲ್ಲಿ ಎಲ್ಲಿಯವರೆಗೆ ಸತ್ಯಾಂಶವಿದೆಯೋ ಅಲ್ಲಿಯವರೆಗೆ ಒಪ್ಪಿ, ಎಲ್ಲಿ ಅದು ಉಳಿದುದನ್ನು ಅಲ್ಲಗಳೆಯುತ್ತದೆಯೋ ಅಲ್ಲಿ ನಿಲ್ಲಿಸಿ ತೋರಿಸುವುದೇ ಸ್ಯಾದ್ವಾದಿಯ ರೀತಿ. ಹಾಗೆ ಮಾಡಬೇಕಾದರೆ ಮೊದಲು ಅವನ ಮಾತನ್ನು ಪೂರ್ತಿಯಾಗಿ ಕೇಳಬೇಕು. ಎಷ್ಟು ಹೇಳಿದರೂ ಒಪ್ಪದಿದ್ದರೆ? ಅಂಥವನಲ್ಲಿ ಮಾಧ್ಯಸ್ಥ್ಯವನ್ನು ತಾಳಬೇಕೆಂದು ಅದೇ ತತ್ತ್ವಾರ್ಥಸೂತ್ರವು ಹೇಳುತ್ತದೆ. ರಾಗವೂ ಬೇಡ, ದ್ವೇಷವೂ ಬೇಡ. ಮಾತಿನಿಂದ ಗೆಲ್ಲಲಾಗದವನನ್ನು ಗುಂಡಿನಿಂದ ನೀಗಿಸುವ ಕ್ರೌರ್ಯವನ್ನೂ ನಮ್ಮ ಕಾಲ ಕಂಡಿದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ಡಾ. ನರೇಂದ್ರ ದಾಭೋಲ್ಕರರನ್ನು ಬೆಳಗಿನ ನಡಿಗೆಯ ವೇಳೆಯಲ್ಲಿ ಕೊಂದರು. ಅವರ ಯಾವ ಮಾತನ್ನು ಒಪ್ಪದ ಜೈನನಾದರೂ ಆ ಹತ್ಯೆಯನ್ನು ಖಂಡಿಸಬೇಕು. ಅಹಿಂಸಾಣುವ್ರತಕ್ಕೆ ಮತಭೇದವೆಂಬ ವಿನಾಯಿತಿಯಿಲ್ಲ.

ನಾವು ಬೇಡುವ ಗೌರವ

ಇನ್ನು ನಮಗೇ ಗೌರವದ ಅಗತ್ಯ ಬಿದ್ದ ಸಂದರ್ಭವನ್ನು ನೆನೆಯಿರಿ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿ ತೀರ್ಪಿತ್ತಿತು. ದೇಶದ ನಾನಾ ಕಡೆಗಳಲ್ಲಿ ಜೈನರು ಮೌನವಾಗಿ ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಆಗ ನಾವು ಲೋಕವನ್ನು ಬೇಡಿಕೊಂಡುದೇನು? ನೀವು ಆತ್ಮವನ್ನು ನಂಬದಿರಬಹುದು. ಆದರೂ ನಂಬಿದವನ ವ್ರತವನ್ನು ಅವನ ಕಣ್ಣಿನಿಂದ ಒಮ್ಮೆ ನೋಡಿರಿ ಎಂದಲ್ಲವೇ? ನಾವು ಬೇಡಿದ ಈ ನ್ಯಾಯವನ್ನು ನಂಬದವನಿಗೆ ಕೊಡಲು ಹಿಂಜರಿದರೆ ನಮ್ಮ ಬೇಡಿಕೆಗೆ ಬಲವೆಲ್ಲಿಯದು?

ಅದೇ ಸಂದರ್ಭದಲ್ಲಿ ನಂಬದವರು ಕೇಳಿದ ಒಂದು ಪ್ರಶ್ನೆಯನ್ನೂ ಸಮಚಿತ್ತದಿಂದ ಆಲಿಸಬೇಕು. ವೃದ್ಧೆಯೊಬ್ಬಳ ಮೇಲೆ ಮನೆಯವರ ಒತ್ತಾಯವಿಲ್ಲವೆಂದು ಹೇಗೆ ತಿಳಿಯುವುದು ಎಂಬುದು ಆ ಪ್ರಶ್ನೆ. ಇದು ನಿಂದೆಯಲ್ಲ. ರತ್ನಕರಂಡಕ ಶ್ರಾವಕಾಚಾರವು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಮಾತ್ರ ಸಲ್ಲೇಖನವನ್ನು ಹೇಳಿದೆ. ಸ್ನೇಹ, ವೈರ, ಪರಿಗ್ರಹಗಳನ್ನು ತ್ಯಜಿಸಿ, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದ ಕ್ಷಮೆ ಬೇಡಿ ಶುದ್ಧಮನಸ್ಸಿನಿಂದ ಕೈಗೊಳ್ಳಬೇಕೆಂದು ವಿಧಿಸಿದೆ. ಒತ್ತಾಯದ ವ್ರತವು ವ್ರತವೇ ಅಲ್ಲ. ನಂಬದವನ ಪ್ರಶ್ನೆ ನಮ್ಮನ್ನು ನಮ್ಮ ಶಾಸ್ತ್ರದ ಕಡೆಗೇ ತಿರುಗಿಸುವುದಾದರೆ ಅವನು ನಮಗೆ ಉಪಕಾರಿಯೇ ಆದನು.

ಮನೆಯಲ್ಲಿ ಆಚರಿಸತಕ್ಕುದು

ಕಿಂಬಹುನಾ, ತಾತ್ಪರ್ಯವನ್ನು ಮನೆಯ ಹೊಸ್ತಿಲಿಗೆ ತರೋಣ.

ಹಿರಿಯರಲ್ಲಿ ವಿನಂತಿ: ನಂಬಿಕೆಯಿಲ್ಲದ ಮಗನನ್ನು ಉಪವಾಸಕ್ಕೆ ಬಲಾತ್ಕಾರದಿಂದ ಕೂರಿಸಬೇಡಿರಿ. ಅವನು ನಿಮ್ಮ ಕಣ್ಣಿಗೆ ಹೆದರಿ ಹಗಲೆಲ್ಲ ಹಸಿದಿದ್ದು ಹೊರಗೆ ಹೋಗಿ ತಿಂದರೆ, ನೀವು ಅವನಿಗೆ ಕಲಿಸಿದುದು ವ್ರತವನ್ನಲ್ಲ, ಮಾಯೆಯನ್ನು. ಅಂದರೆ ನಾಲ್ಕು ಕಷಾಯಗಳಲ್ಲಿ ಒಂದನ್ನು. "ನನಗೆ ನಂಬಿಕೆಯಿಲ್ಲ" ಎಂದು ಎದುರಿಗೆ ಹೇಳುವ ಧೈರ್ಯದಲ್ಲಿ ಸತ್ಯಾಣುವ್ರತದ ಒಂದು ಬೀಜವಿದೆ. ಆ ಬೀಜವನ್ನು ಉಳಿಸಿರಿ. ಅವನು ಸುಳ್ಳಾಡದಿದ್ದರೆ, ಪರಧನಕ್ಕೆ ಕೈ ಹಾಕದಿದ್ದರೆ, ಪ್ರಾಣಿಗಳಲ್ಲಿ ದಯೆಯಿದ್ದರೆ, ಅದನ್ನು ಗುರುತಿಸಿ ನಾಲ್ಕು ಜನರೆದುರಿಗೆ ಹೇಳಿರಿ. ನಿಮ್ಮ ಉಪವಾಸದಿಂದ ನಿಮ್ಮ ಮಾತು ಮೃದುವಾದುದನ್ನು ಅವನು ಕಂಡರೆ ಅದಕ್ಕಿಂತ ದೊಡ್ಡ ಪ್ರಭಾವನೆಯಿಲ್ಲ. ಪಾರಣೆಯ ದಿನ ಅಡುಗೆ ತಡವಾಯಿತೆಂದು ಸೊಸೆಯ ಮೇಲೆ ರೇಗುವುದನ್ನು ಅವನು ಕಂಡರೆ, ಯಾವ ಶಾಸ್ತ್ರವೂ ಅವನನ್ನು ಒಲಿಸಲಾರದು.

ಕಿರಿಯರಲ್ಲಿಯೂ ವಿನಂತಿಯುಂಟು: ನಿಮ್ಮ ಅಜ್ಜಿ ಅನ್ನವನ್ನು ಬಿಟ್ಟಿರುವುದು ನಿಮ್ಮನ್ನು ಹೀಗಳೆಯುವುದಕ್ಕಲ್ಲ. ನೀವು ಆತ್ಮವನ್ನು ಒಪ್ಪದಿರಬಹುದು. ಅವರ ಸಂಯಮವು ನಿಮ್ಮ ಕಣ್ಣಿಗೆ ಪ್ರತ್ಯಕ್ಷವಾಗಿಯೇ ಇದೆ. ಪ್ರತ್ಯಕ್ಷವನ್ನು ನಂಬುವವರು ಅದನ್ನು ನಂಬಬೇಡವೇ? ಅವರು ಬಸದಿಗೆ ಹೋಗುವಾಗ ಕೈಹಿಡಿದು ಮೆಟ್ಟಿಲು ಹತ್ತಿಸಿರಿ. ಬಿಸಿನೀರು ಕಾಯಿಸಿ ಕೊಡಿರಿ. ರೈಲು ನಿಲ್ದಾಣದಲ್ಲಿ ಪಾದ್ರಿಯನ್ನು ಕೆಣಕಿದವನಂತೆ ಆಗಬೇಡಿರಿ. ಪ್ರಶ್ನೆಯಿದ್ದರೆ ಪರ್ವ ಕಳೆದ ಮೇಲೆ ಕೇಳಿರಿ. ಹಸಿದವರೊಡನೆ ವಾದ ಹೂಡುವುದು ಗೆಲುವಲ್ಲ.

ಪರ್ವದ ಕೊನೆಯಲ್ಲಿ ಕ್ಷಮಾವಣಿಯಂದು ನಾವು ಸಕಲ ಜೀವರಾಶಿಯಲ್ಲಿ ಕ್ಷಮೆ ಬೇಡುತ್ತೇವೆ. ಏಕೇಂದ್ರಿಯ ಜೀವಗಳನ್ನೂ ಬಿಡದೆ ನೆನೆಯುವ ಆ ದಿನ, ನಂಬಿಕೆಯಿಲ್ಲವೆಂದು ದೂರವಿಟ್ಟ ಮಗನನ್ನು ಮರೆಯುವುದು ಹೇಗೆ? ಅವನು ಬಸದಿಗೆ ಬರದಿದ್ದರೆ ನೀವೇ ಅವನ ಕೋಣೆಗೆ ಹೋಗಿರಿ. ಆ ಮಾತನ್ನು ಆಡುವಾಗ ದೇವರ ಸಾಕ್ಷಿ ಅವನಿಗೆ ಬೇಕಿಲ್ಲ. ನಿಮ್ಮ ಆತ್ಮದ ಸಾಕ್ಷಿಯೊಂದು ನಿಮಗೆ ಸಾಕು.

ಶುಭಂ ಭೂಯಾತ್.